ಐದನೆಯ ಕುಳ

ಸಫಕ್‌ನ ಜೇಡಿಗೆ ಅಕ್ಟೋಬರಿನಲ್ಲಿ ಒಂದು ಹಟ.
ಬೂಟು ಕೇಳುತ್ತದೆ,
ಕೊಟ್ಟರೆ ವಾಪಸು ಕೊಡುವುದಿಲ್ಲ.

ಕೆರಿಡ್ಜ್ ಫೋನಿನಲ್ಲಿ ಬೈದದ್ದು ಟ್ರ್ಯಾಕ್ಟರನ್ನು:
"ತೊಂಬತ್ತೈದು ಕುದುರೆ ಅಂತ ಬರೆದು ಮಾರಿದಿರಿ,
ಹೊಲದಲ್ಲಿ ಎಣಿಸಿದರೆ ಕತ್ತೆಗಳೂ ಇಲ್ಲ."
ಸ್ಪ್ಯಾನರಿನ ಪೆಟ್ಟಿಗೆ, ಅಳತೆಯ ಟೇಪು,
ಜೊತೆಗೆ ಮ್ಯಾನೇಜರು ಕೈಗೆ ತುರುಕಿದ
ಹೊಸ ಮಾದರಿಯ ಬಣ್ಣದ ಹಾಳೆ, ನೂರಮೂವತ್ತರದು,
ಹಿಡಿದು ಹೋದೆ. ಮಾರಿದರೆ ನನಗೂ ನೂರಕ್ಕೊಂದು.

ಹನ್ನೆರಡೆಕರೆಯ ನಡುವೆ ನಿಂತಿತ್ತು,
ತನ್ನ ಗುಂಡಿ ತಾನೇ ತೋಡಿಕೊಂಡು,
ಮೂಗು ತುಸು ಮೇಲೆತ್ತಿ.
ಬೆನ್ನಿಗೆ ಐದು ಕುಳದ ನೇಗಿಲು,
ಸಮುದ್ರದ ಕಡೆಯ ಮರಳು ಸೀಮೆಯ ಹರಾಜಿನದು.
ಅಲ್ಲಿ ಇಷ್ಟೇ ಎಂಜಿನ್ನು ಇದೇ ಐದನ್ನು
ಎಣ್ಣೆ ಹಚ್ಚಿದ ತಲೆಗೆ ಬಾಚಣಿಗೆ ಆಡಿಸಿದಂತೆ
ಎಳೆದದ್ದನ್ನು ಆತ ಕಣ್ಣಾರೆ ಕಂಡಿದ್ದ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಇಲ್ಲಿ ಹಾಸಿಗೆಯೇ ಕಾಲು ಹಿಡಿದು ಜಗ್ಗುತ್ತಿತ್ತು.

"ನನ್ನ ಕುದುರೆಗಳೆಲ್ಲಿ?"
ಹೊರಟವು ತೊಂಬತ್ತೈದೇ, ನಿಜ.
ಗೇರುಪೆಟ್ಟಿಗೆಯ ಕತ್ತಲಲ್ಲಿ ಒಂದಷ್ಟು ಬೆವರಾದವು.
ಜಾರುವ ಟೈರಿನೊಳಗೆ ಒಂದಷ್ಟು
ನಿಂತಲ್ಲೇ ಓಡುತ್ತಿವೆ, ಇಗೋ, ಈಗಲೂ.
ನೊಗದ ತನಕ ಬಂದು ಹೆಗಲು ಕೊಟ್ಟವು
ಅರವತ್ತಿದ್ದರೆ ಹೆಚ್ಚು.

ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆದೆ.
ಎರೆಹುಳದಷ್ಟು ಉದ್ದಕ್ಕೆ ಬಂತು. ಬಾಗಿಸಿದೆ.
ಬಿರುಕಿಲ್ಲದೆ ಬಳೆಯಾಯಿತು.
ಮರಳಾದರೆ ಬಳೆಯ ಮಾತೇ ಇಲ್ಲ, ಉದುರಿ ಹೋಗುತ್ತದೆ.
ಎರೆಗೆ ಎಂಟೆತ್ತು, ಮಸಾರಿಗೆ ಎರಡು:
ಗದಗಿನ ಕಡೆ ಕೂಸಿಗೂ ಬರುವ ಲೆಕ್ಕ
ಇಲ್ಲಿ ಯಾರಿಗೆ ಹೇಳಲಿ ಅಂದುಕೊಳ್ಳುವಷ್ಟರಲ್ಲಿ
ಪಿಕಪ್ಪಿನ ಕಿಟಕಿ ಇಳಿಸಿ ಕೆರಿಡ್ಜನ ತಾಯಿ ಐವಿ,
ಎಂಬತ್ತೆಂಟು, ಮಡಿಲಲ್ಲಿ ಚಹದ ಫ್ಲಾಸ್ಕು:
"ಅದು ಎರಡು ಕುದುರೆಯ ನೆಲ. ಇದು ನಾಲ್ಕರದು.
ನಮ್ಮಪ್ಪ ಎಕರೆ ಹೇಳುತ್ತಿರಲಿಲ್ಲ, ಕುದುರೆ ಹೇಳುತ್ತಿದ್ದ."

ಬಣ್ಣದ ಹಾಳೆಯ ಬೆನ್ನಿಗೆ ಬರೆದೆ.
ಹದಿನಾಲ್ಕಿಂಚಿನ ಒಂದು ಕುಳಕ್ಕೆ
ಮರಳಿನಲ್ಲಿ ಹದಿನೈದು, ಇಲ್ಲಿ ಇಪ್ಪತ್ತನಾಲ್ಕು.
ಐದಕ್ಕೆ ನೂರಿಪ್ಪತ್ತು.
ನಾಲ್ಕಕ್ಕೆ ತೊಂಬತ್ತಾರು: ಒಂದು ಕುದುರೆ ಸಾಲ.
ಆಳ ಒಂಬತ್ತಿಂಚಿನಿಂದ ಏಳಕ್ಕಿಳಿಸಿದರೆ
ಸಾಲ ತೀರಿತು.
ಕೆರಿಡ್ಜ್ ಹಾಳೆ ಮಗುಚಿ ನೂರಮೂವತ್ತರ ಕೆಂಪು ನೋಡಿದ,
ಮತ್ತೆ ಮಗುಚಿದ.
ಅವನ ಕೈ ಯಾವ ಕಡೆ ನಿಲ್ಲುತ್ತದೋ
ಎಂದು ನಾನೂ ನೋಡುತ್ತಿದ್ದೆ, ಸುಳ್ಳೇಕೆ.

ತುಕ್ಕು ಹಿಡಿದ ನಟ್ಟು ನಾಲ್ಕು.
ಎಣ್ಣೆ ಬಿಟ್ಟು, ಕಾದು, ಕೊಳವೆ ಸಿಕ್ಕಿಸಿ ಜೋತುಬಿದ್ದು,
ಕೊನೆಯದಕ್ಕೆ ಸುತ್ತಿಗೆ. ಐದನೆಯ ಕುಳ
ಮಣ್ಣಿಗೆ ಬಿದ್ದಾಗ ಸದ್ದೇ ಬರಲಿಲ್ಲ.

ಗುಂಡಿಯಿಂದೆಬ್ಬಿಸಿ ಹೂಡಿದ.
ಎಂಜಿನ್ನು ಗೊಣಗಲಿಲ್ಲ, ಗಾಲಿ ಹಿಡಿತ ಹಿಡಿಯಿತು,
ಇಪ್ಪತ್ತು ಮಾರು ನಾಲ್ಕು ಸಾಲು ಒಟ್ಟಿಗೆ ಮಗುಚಿಕೊಂಡವು.
ನಾನು ಪೆಟ್ಟಿಗೆ ಮುಚ್ಚುತ್ತಿದ್ದೆ.

"ನಿಲ್ಲಿಸು," ಅಂದಳು ಐವಿ.
ಊರುಗೋಲೂರಿ ಸಾಲಿಗಿಳಿದಿದ್ದಳು.
ಮಗುಚಿದ ಮಣ್ಣು ಹೊಳೆಯುತ್ತಿತ್ತು,
ಒದ್ದೆ ಸಾಬೂನಿನ ಹಾಗೆ, ಮುಖ ಕಾಣುವಷ್ಟು.
ಹಿಮ್ಮಡಿಯಿಂದ ಒತ್ತಿ ನೋಡಿ
"ಇವತ್ತಲ್ಲ. ಗುರುವಾರ. ಗಾಳಿ ಬಂದರೆ."

ಹದ ಎಂಬ ಮಾತಿಗೆ ಇಂಗ್ಲಿಷಿನಲ್ಲಿ
ಏನನ್ನುತ್ತಾರೆಂದು ನನಗೆ ಇವತ್ತಿಗೂ ತಿಳಿಯದು.
ಅವಳ ಹಿಮ್ಮಡಿಗೆ ತಿಳಿದಿತ್ತು.
ಲೆಕ್ಕ ಸರಿಯಿತ್ತು ನನ್ನದು,
ದಿನವೊಂದು ತಪ್ಪಿತ್ತು.

ಬೋಲ್ಟುಗಳನ್ನು ನೂರಮೂವತ್ತರ ಹಾಳೆಯಲ್ಲೇ ಪೊಟ್ಟಣ ಕಟ್ಟಿ
ಕೆರಿಡ್ಜನ ಕೈಗಿತ್ತು ಬಂದೆ.
"ವ್ಯಾಪಾರ ಕುದುರಿತೇ?" ಮ್ಯಾನೇಜರು ಕೇಳಿದ.
ಕುದುರಲಿಲ್ಲ.
ಬಿಲ್ಲು ಬರೆದೆ: ಕುಳ ಒಂದು ಕಳಚಿದ್ದಕ್ಕೆ, ಅರ್ಧ ದಿನ.
ಅದರಡಿಗೆ, ಮಣ್ಣಿಗಾಗಿ ಕಾಯಲು ಒಪ್ಪಿದ್ದಕ್ಕೆ, ಎಂದೂ ಬರೆದು
ಹೊಡೆದುಹಾಕಿದೆ.